ಏದುಸಿರು ಬಿಟ್ಟ ಬೈಕು

ಮಕ್ಕಳೇ, ಬೈಕಿಗೂ ಏದುಸಿರು ಬರುತ್ತದೆ ಎಂದರೆ ನಂಬುತ್ತೀರಾ? ತಜಿಕಿಸ್ತಾನದ ಪಾಮಿರ್ ಹೆದ್ದಾರಿಯಲ್ಲಿ ನಾನು ಕಣ್ಣಾರೆ ಕಂಡೆ.

ಮುರ್ಗಾಬ್ ಊರಿನಿಂದ ಬೆಳಿಗ್ಗೆ ಒಬ್ಬನೇ ಹೊರಟಿದ್ದೆ. ಮುಂದಿದ್ದದ್ದು ಅಕ್ ಬೈತಲ್ ಘಾಟಿ. ಹಾಗೆಂದರೆ ಕಿರ್ಗಿಜ್ ಭಾಷೆಯಲ್ಲಿ ಬಿಳಿ ಹೆಣ್ಣುಕುದುರೆ. ಎತ್ತರ 4,655 ಮೀಟರ್. ಏರು ಹತ್ತುತ್ತಿದ್ದಂತೆ ಬೈಕು ಕೆಮ್ಮಿತು, ಕಪ್ಪು ಹೊಗೆ ಕಾರಿತು, ಕೊನೆಗೆ ನಿಂತೇಬಿಟ್ಟಿತು.

ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಅರ್ಧಕ್ಕಿಂತ ತುಸುವೇ ಹೆಚ್ಚು. ನನ್ನದೋ ಕಾರ್ಬ್ಯುರೇಟರ್ ಇರುವ ಹಳೆಯ ಬೈಕು. ಗಾಳಿ ಕಡಿಮೆಯಾದರೂ ಪೆಟ್ರೋಲು ಮಾತ್ರ ಧಾರಾಳವಾಗಿ ಇಳಿಯುತ್ತದೆ. ಒಲೆಗೆ ಬರೀ ಕಟ್ಟಿಗೆ ತುರುಕಿದರೆ ಏನಾಗುತ್ತದೆಂದು ಅಜ್ಜಿಯನ್ನು ಕೇಳಿ!

ನನಗೂ ತಲೆ ಸಿಡಿಯುತ್ತಿತ್ತು. ಒಂದು ತಾಸು ಕಾದರೂ ಒಂದು ಲಾರಿ ಬರಲಿಲ್ಲ. ನಿಜ ಹೇಳುತ್ತೇನೆ, ಅಳು ಬಂತು. ಆಮೇಲೆ ಏರ್ ಫಿಲ್ಟರ್ ಬಿಚ್ಚಿ ಚೀಲಕ್ಕೆ ಹಾಕಿ ಕಿಕ್ ಹೊಡೆದೆ. ಧೂಳು ಒಳಹೋಗುವ ಭಯವಿತ್ತು, ಬೇರೆ ದಾರಿಯಿರಲಿಲ್ಲ. ಎಂಜಿನ್ ಎದ್ದಿತು, ಆದರೆ ನನ್ನನ್ನು ಹೊರಲೊಲ್ಲದು! ಇಳಿದು, ಮೊದಲ ಗೇರಿನಲ್ಲಿಟ್ಟು ಪಕ್ಕದಲ್ಲೇ ನಡೆದೆ. ಹತ್ತು ಹೆಜ್ಜೆಗೊಮ್ಮೆ ಇಬ್ಬರೂ ನಿಂತು ಉಸಿರೆಳೆದುಕೊಂಡೆವು.

ಘಾಟಿ ಇಳಿದು, ಸಂಜೆ ಕರಾಕುಲ್ ಸರೋವರದ ದಂಡೆಯ ಹಳ್ಳಿ ಸೇರಿದಾಗ ಅಜ್ಜಿಯೊಬ್ಬರು ಒಳಗೆ ಕರೆದರು. ನಮ್ಮಿಬ್ಬರಿಗೂ ಗೊತ್ತಿದ್ದ ಪದಗಳು ಎರಡೇ: ಚಾಯ್, ನಾನ್. ಅಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಆಲೂಗಡ್ಡೆ ಬೇಗ ಬೇಯುವುದಿಲ್ಲ. ಅಜ್ಜಿ ಪಾತ್ರೆಯ ಮುಚ್ಚಳದ ಮೇಲೆ ಕಲ್ಲು ಹೇರಿದ್ದರು.

ಬೆಳಿಗ್ಗೆ ಎದ್ದು ನೋಡಿದರೆ, ಅಂಗಳದಲ್ಲಿದ್ದ ಬೈಕಿಗೂ ಹಳೆಯ ಕಂಬಳಿ ಹೊದಿಸಿತ್ತು.