ಗಡಂಗಿಗೆ ಬೀಗ ಬಿದ್ದ ಮೇಲೆ



ಮೊನ್ನೆ ನಮ್ಮ ಯಜಮಾನರು ಪೇಪರು ಓದುತ್ತಾ, "ನೋಡೇ, ಬೆಂಗಳೂರಿನ ಹಳೇ ಪಬ್ಬುಗಳೆಲ್ಲ ಹೋದ್ವಂತೆ" ಎಂದರು. ಚರ್ಚ್ ಸ್ಟ್ರೀಟಿನಲ್ಲಿ ಬಾಹ್ಯಾಕಾಶ ನೌಕೆಯ ಹಾಗೆ ಸಿಂಗರಿಸಿದ್ದ ನಾಸಾ, ರೆಸಿಡೆನ್ಸಿ ರಸ್ತೆಯ ಪಬ್ ವರ್ಲ್ಡ್, ಇವನ್ನೆಲ್ಲ ನೆನೆದು ಬರೆಯುವವರು ಬೇಕಾದಷ್ಟಿದ್ದಾರೆ. ನಾನಂತೂ ಅವುಗಳ ಹೊಸ್ತಿಲು ಕಂಡವಳಲ್ಲ. ಆದರೆ ನಮ್ಮ ಹೇರೋಹಳ್ಳಿಯಂಥ ಕಡೆ ಮಾಯವಾದ ಸಾರಾಯಿ ಗಡಂಗುಗಳ ಕಥೆ ಯಾರು ಬರೆಯುತ್ತಾರೆ? ಅದರ ಲೆಕ್ಕ ಗೊತ್ತಿರುವುದು ನಮ್ಮಂಥ ಹೆಂಗಸರಿಗೇ ತಾನೇ!

ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು 2003ರಲ್ಲಿ. ಮಾಗಡಿ ರಸ್ತೆಗೆ ಹೋಗುವ ದಾರಿಯಲ್ಲಿ ಶೀಟು ಹೊದಿಸಿದ ಒಂದು ಗಡಂಗಿತ್ತು. ಮುಂದೆ ಬೇಯಿಸಿದ ಮೊಟ್ಟೆ, ಖಾರದ ಕಡಲೆಯ ತಳ್ಳುಗಾಡಿ. ನೆಲದ ತುಂಬ ಹರಿದ ಸಾರಾಯಿ ಪ್ಯಾಕೆಟ್ಟುಗಳು. ಸಂಜೆಯಾದರೆ ಹಾಲು ತರುವುದಕ್ಕೂ ನಾವು ಸುತ್ತು ಬಳಸಿ ಹೋಗುತ್ತಿದ್ದೆವು.

ಶನಿವಾರ ಬಟವಾಡೆ. ಪಕ್ಕದ ವಠಾರದ ಗಾರೆ ಕೆಲಸದವನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಡಂಗಿನೆದುರು ಹುಣಸೆ ಮರದ ಕೆಳಗೆ ಕಾದು ನಿಲ್ಲುತ್ತಿದ್ದಳು. ಗಂಡ ಒಳಗೆ ಕಾಲಿಡುವ ಮುಂಚೆ ಒಂದಿಷ್ಟು ದುಡ್ಡು ಕಿತ್ತುಕೊಂಡರೆ ಆ ವಾರ ಒಲೆ ಉರಿಯಿತು. ಇಲ್ಲದಿದ್ದರೆ ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಒಂದು ಪಾವು ಅಕ್ಕಿ ಇದ್ರೆ ಕೊಡ್ರಕ್ಕ" ಎನ್ನುವಳು.

ಇದು ಸರ್ಕಾರವೇ ಹರಾಜು ಹಾಕಿ ನಡೆಸಿದ ವ್ಯಾಪಾರ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರೂ ಅದು ನಿಲ್ಲಲಿಲ್ಲ. ಪಕ್ಕದ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ಅಕ್ಷರ ಕಲಿಯಲು ಸೇರಿದವರು, ಒಟ್ಟಾಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ದೊಡ್ಡ ಚಳವಳಿಯಾಗಿ 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ನಮ್ಮಲ್ಲಿ ಆ ದಿನ ಬಂದದ್ದು 2007ರ ಜುಲೈ 1ರಂದು. ಹಿಂದಿನ ದಿನ ಶನಿವಾರ, ಗಡಂಗಿನ ಮುಂದೆ ಜಾತ್ರೆ. ಭಾನುವಾರ ಬೆಳಗ್ಗೆ ಬೀಗ!

ಮುಂದಿನ ವಾರ ಆಕೆ ಹೆಸರುಬೇಳೆ ಪಾಯಸ ಮಾಡಿ ಒಂದು ಲೋಟ ತಂದುಕೊಟ್ಟಳು. ಬೆಲ್ಲ ತುಸು ಕಡಿಮೆಯಾಗಿತ್ತು. ಆದರೂ ಅದರ ರುಚಿ ನಾನು ಮರೆತಿಲ್ಲ.

ಆದರೆ ಸುಳ್ಳು ಹೇಳಬಾರದು. ಆ ಸಂತೋಷ ದೀಪಾವಳಿಯ ತನಕವೂ ಉಳಿಯಲಿಲ್ಲ. ಗಂಡಸರು ಮುಖ್ಯರಸ್ತೆಯ ವೈನ್ ಶಾಪಿನ ದಾರಿ ಹಿಡಿದರು. ಪ್ಯಾಕೆಟ್ಟಿಗಿಂತ ಕ್ವಾರ್ಟರು ದುಬಾರಿ. ಮನೆಗೆ ಬರುವ ದುಡ್ಡು ಇನ್ನೂ ಇಳಿಯಿತು. 2008ರ ಮೇ ತಿಂಗಳಲ್ಲಿ ಕಳ್ಳಸಾರಾಯಿ ಕುಡಿದು ಬೆಂಗಳೂರಿನ ಸುತ್ತಮುತ್ತ, ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು.

ಆಮೇಲೆ ಆಕೆ ಸ್ತ್ರೀಶಕ್ತಿ ಸಂಘ ಸೇರಿದಳು, ಗಾರ್ಮೆಂಟ್ಸ್ ಕೆಲಸ ಹಿಡಿದಳು, ತನ್ನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದಳು. ಪಾಸ್‌ಬುಕ್ಕು ಎಷ್ಟೋ ವರ್ಷ ನಮ್ಮ ಮನೆಯ ಅಕ್ಕಿ ಡಬ್ಬದ ಹಿಂದೆ ಇತ್ತು. ಆ ಸೊಂಟದ ಮಗು ಈಗ ಕೆಲಸಕ್ಕೆ ಹೋಗುತ್ತಾಳೆ. ಸರ್ಕಾರ ಹಾಕಿದ ಬೀಗಕ್ಕಿಂತ ಆಕೆಯನ್ನು ಕಾಪಾಡಿದ್ದು ಆ ಪುಸ್ತಕವೇ.

ಮನೆಯಲ್ಲಿ ಕುಡಿತದ ಕಾಟವಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಅದಕ್ಕೂ ಚಿಕಿತ್ಸೆಯುಂಟು, ನಮ್ಮ ನಿಮ್ಹಾನ್ಸ್‌ನಲ್ಲೇ ಅದಕ್ಕೆಂದು ಬೇರೆ ವಿಭಾಗವಿದೆ. ನಿಮ್ಮ ಕೈಯಲ್ಲಿ ನಿಮ್ಮದೇ ನಾಲ್ಕು ಕಾಸು ಇಟ್ಟುಕೊಳ್ಳಿ.

ಗಡಂಗು ಕೆಡವಿದ ಜಾಗದಲ್ಲೀಗ ಮೂರಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಹುಣಸೆ ಮರವೂ ಹೋಯಿತು. ಅದೊಂದಕ್ಕೆ ಮಾತ್ರ ನನಗೆ ಬೇಜಾರು. ನಿಮ್ಮೂರಿನ ಗಡಂಗು ಏನಾಯಿತು? ಬರೆದು ತಿಳಿಸುತ್ತೀರಲ್ಲ?