ಅಜ್ಜ ಹೇಳದ ಸಂಗತಿ

‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ನಾಯಕ ಚಾಡ್ವಿಕ್ ಬೋಸ್‌ಮನ್ ಗೊತ್ತಲ್ಲ ಮಕ್ಕಳೇ? 2020ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಬರೀ 43. ಮುದುಕರ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ.

ನಾವು ಮುದುಕರು ಪಾರ್ಕಿನ ಬೆಂಚಿನಲ್ಲಿ ಬಿಪಿ, ಶುಗರ್ ಲೆಕ್ಕವನ್ನು ದಿನವೂ ಒಪ್ಪಿಸುತ್ತೇವೆ. ಮಲದಲ್ಲಿ ರಕ್ತ ಕಂಡರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ‘ಮೂಲವ್ಯಾಧಿ ಇರಬೇಕು’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಇದ್ದರೂ ಇರಬಹುದು; ಅದನ್ನು ಹೇಳಬೇಕಾದವರು ಡಾಕ್ಟರು. ವಾರಗಟ್ಟಲೆ ಮಲಬದ್ಧತೆ ಇಲ್ಲವೇ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೂ ತೋರಿಸಬೇಕು.

ಈ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಗಂಟು ಕಂಡರೆ ಹೆಚ್ಚಾಗಿ ಆಗಲೇ ತೆಗೆದುಬಿಡುತ್ತಾರೆ.

ಅಜ್ಜ ಕಕ್ಕಸಿನ ಮಾತೆತ್ತಿದರೆ ಮುಸಿಮುಸಿ ನಗಬೇಡಿ. ಅಪ್ಪನಿಗೆ ಹೇಳಿ.