ಸರ್ವರಿನ ಮೆಮೊರಿಗೂ ಒಂದು ಮೀಟರು

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನ ಸಾವಿರಾರು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಏಕಕಾಲಕ್ಕೆ ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ಅವರಿಗೆ ಉತ್ತರ ಕೊಡುವುದು ದೂರದಲ್ಲೆಲ್ಲೋ ಇರುವ ‘ಸರ್ವರ್’ ಎಂಬ ಕಂಪ್ಯೂಟರ್. ಇಂಥ ಸರ್ವರ್‌ಗಳನ್ನು ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿರುತ್ತಾರೆ. ಎಲ್ಲವೂ ಒಟ್ಟಿಗೆ ಗರಿಷ್ಠ ವಿದ್ಯುತ್ ಎಳೆದರೆ ಅಲ್ಲಿನ ವಿದ್ಯುತ್ ವ್ಯವಸ್ಥೆ ತಾಳದೆ ಹೋಗಬಹುದು. ಆದ್ದರಿಂದ ಯಾವ ಭಾಗ ಎಷ್ಟು ಬಳಸುತ್ತಿದೆ ಎಂದು ಅಳೆಯಬೇಕು, ಮಿತಿ ಮೀರದಂತೆ ತಡೆಯಬೇಕು.

ವಿದ್ಯುತ್ ಖರ್ಚಿನ ಮಾತು ಬಂದರೆ ಎಲ್ಲರ ಕಣ್ಣು ಪ್ರೊಸೆಸರ್ ಮೇಲೆ. ಪಕ್ಕದಲ್ಲಿರುವ ಮೆಮೊರಿಯನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಆದರೆ ಮೆಮೊರಿ ಸುಮ್ಮನಿದ್ದಾಗಲೂ ವಿದ್ಯುತ್ ಬೇಡುತ್ತದೆ! ಏಕೆ?

ಸರ್ವರ್‌ಗಳ ಮುಖ್ಯ ಮೆಮೊರಿ ‘ಡೈನಾಮಿಕ್ ರ‍್ಯಾಮ್’. ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಇದರ ಪ್ರತಿ ಕೋಶದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0 ಎಂದಿಟ್ಟುಕೊಳ್ಳಬಹುದು. ಆದರೆ ಈ ಕೆಪಾಸಿಟರ್ ತೂತಾದ ಕೊಡದಂತೆ, ಆವೇಶ ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಕೋಶವನ್ನೂ ಓದಿ ಮತ್ತೆ ತುಂಬಬೇಕು. ಚಿಪ್ಪಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ 32 ಮಿಲಿಸೆಕೆಂಡಿಗೇ ತುಂಬಬೇಕಾಗುತ್ತದೆ. ಇದು ಮೆಮೊರಿಯ ‘ನಿತ್ಯದ ಖರ್ಚು’. ಮಾಹಿತಿಯನ್ನು ಓದುವ, ಬರೆಯುವ ಖರ್ಚು ಬೇರೆ.

ಈ ಖರ್ಚನ್ನು ಅಳೆಯುವುದು ಹೇಗೆ? ಇಂಟೆಲ್ ಕಂಪನಿಯ ತಜ್ಞರು 2010ರಲ್ಲಿ ‘ರ‍್ಯಾಪಲ್’ ಎಂಬ ಉಪಾಯವನ್ನು ವಿವರಿಸಿದರು. ಮೆಮೊರಿ ಮಾಡುವ ಒಂದೊಂದು ಬಗೆಯ ಕೆಲಸಕ್ಕೂ ಇಷ್ಟು ಶಕ್ತಿ ಎಂದು ಮೊದಲೇ ಗುರುತಿಸಿಕೊಂಡು, ಆ ಕೆಲಸ ಎಷ್ಟು ಬಾರಿ ನಡೆಯಿತು ಎಂದು ಎಣಿಸಿ ಗುಣಿಸುವುದು. ಹೋಟೆಲಿನಲ್ಲಿ ಇಡ್ಲಿ ಎಷ್ಟು, ಕಾಫಿ ಎಷ್ಟು ಎಂದು ಎಣಿಸಿ ಬಿಲ್ಲು ಬರೆದಂತೆ.

ಹೀಗೆ ಸಿಕ್ಕ ಲೆಕ್ಕ ಪ್ರೊಸೆಸರ್ ಒಳಗಿನ ಮೀಟರಿನಲ್ಲಿ ಕೂಡುತ್ತಾ ಹೋಗುತ್ತದೆ. ಮನೆಯ ಮೀಟರಿನಂತೆಯೇ ಎರಡು ರೀಡಿಂಗ್‌ಗಳ ವ್ಯತ್ಯಾಸವನ್ನು ನಡುವಿನ ಕಾಲದಿಂದ ಭಾಗಿಸಿದರೆ ಸರಾಸರಿ ವ್ಯಾಟ್ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಈ ಮೀಟರಿಗೆ ಇರುವುದು 32 ಬಿಟ್ ಮಾತ್ರ. ಒಂದು ಎಣಿಕೆಗೆ ಒಂದು ಜೂಲ್‌ನ 65,536ನೇ ಒಂದು ಪಾಲು ಎಂದಾದರೆ, 65,536 ಜೂಲ್ ತುಂಬುತ್ತಲೇ ಮೀಟರ್ ಮತ್ತೆ ಸೊನ್ನೆಗೆ ಬರುತ್ತದೆ. ಮೆಮೊರಿ 20 ವ್ಯಾಟ್ ಬಳಸುತ್ತಿದ್ದರೆ ಇದಕ್ಕೆ ಹಿಡಿಯುವುದು ಸುಮಾರು 55 ನಿಮಿಷ. ಗಂಟೆಗೊಮ್ಮೆ ಮಾತ್ರ ರೀಡಿಂಗ್ ನೋಡುವವರ ಲೆಕ್ಕ ಖಂಡಿತ ತಪ್ಪುತ್ತದೆ. ವಿದ್ಯಾರ್ಥಿಗಳು ಈ ಭಾಗಾಕಾರವನ್ನು ತಾವೇ ಮಾಡಿ ನೋಡಬಹುದು.

ಇನ್ನು ಮಿತಿ ಹಾಕುವ ವಿಚಾರ. ತಿಂಗಳ ಕೈಖರ್ಚಿಗೆ ಹಣ ಕೊಟ್ಟ ತಂದೆ ಪ್ರತಿದಿನವೂ ಸಮನಾಗಿ ಖರ್ಚು ಮಾಡು ಎನ್ನುವುದಿಲ್ಲ. ಒಟ್ಟು ಮೊತ್ತ ಮೀರಬಾರದು, ಅಷ್ಟೆ. ಇಲ್ಲಿಯೂ ಹಾಗೆಯೇ. ಗೊತ್ತುಪಡಿಸಿದ ಒಂದು ಪುಟ್ಟ ಅವಧಿಯ ಸರಾಸರಿಯನ್ನು ನೋಡುತ್ತಾರೆ. ಕ್ಷಣಕಾಲ ಏರಿದರೆ ಅಡ್ಡಿಯಿಲ್ಲ. ಸರಾಸರಿ ಮಿತಿ ಮುಟ್ಟಿದಾಗ ಮೆಮೊರಿಯ ನಿಯಂತ್ರಕವು ಓದುವ, ಬರೆಯುವ ಕೋರಿಕೆಗಳನ್ನು ಸ್ವಲ್ಪ ಹೊತ್ತು ಕಾಯಿಸುತ್ತದೆ. ಮಾಹಿತಿ ಕಳೆದುಹೋಗುವುದಿಲ್ಲ, ತಡವಾಗುತ್ತದೆ.

ಮಿತಿಯನ್ನು ಎಷ್ಟು ಬೇಕಾದರೂ ಇಳಿಸಬಹುದೇ? ಇಲ್ಲ. ಕೋಶಗಳನ್ನು ಮತ್ತೆ ತುಂಬುವ ನಿತ್ಯದ ಖರ್ಚನ್ನು ನಿಲ್ಲಿಸಿದರೆ ಮಾಹಿತಿಯೇ ಅಳಿಸಿಹೋಗುತ್ತದೆ. ಕಡಿತವೆಲ್ಲ ಓದು ಬರಹದ ಖರ್ಚಿನಲ್ಲೇ ಆಗಬೇಕು. ಮಿತಿ ತೀರಾ ಬಿಗಿಯಾದರೆ ವಿದ್ಯುತ್ ಉಳಿಯಬಹುದು, ಆದರೆ ಫಲಿತಾಂಶಕ್ಕೆ ಕಾದು ಕುಳಿತ ವಿದ್ಯಾರ್ಥಿ ಇನ್ನಷ್ಟು ಕಾಯಬೇಕಾಗುತ್ತದೆ. ಎಷ್ಟು ಬಿಗಿಯಬೇಕು ಎಂಬುದನ್ನು ತೀರ್ಮಾನಿಸುವುದು ಯಂತ್ರವಲ್ಲ, ಅದನ್ನು ನಡೆಸುವವರು. ಅವರ ಕೈಯಲ್ಲಿ ಸರಿಯಾದ ಅಳತೆ ಇಲ್ಲದಿದ್ದರೆ ಆ ತೀರ್ಮಾನ ಬರಿಯ ಊಹೆಯಾಗುತ್ತದೆ.